ಅವ್ವ ಜೊತೆಗಿಲ್ಲದ ಎರಡು ವಾರ

ಕಳೆದ ತಿಂಗಳು, ಈಗ ನಾನಿರುವ ಮಿಲ್ಟನ್ ಊರಿನಲ್ಲಿ, ನಮ್ಮ ಪಕ್ಕದ ಮನೆಯವರು ತಮ್ಮ ಟೆಂಟನ್ನು ಗರಾಜಿನ ಮುಂದೆ ಒಣಹಾಕಿದ್ದರು. ಹಳೇ ಕಾಲದ ದಪ್ಪ ಕ್ಯಾನ್ವಾಸಿನದು, ಈಗ ಅಂಥವನ್ನು ಯಾರೂ ಕೊಳ್ಳುವುದಿಲ್ಲ. ಟಪಾಲು ತರಲು ಹೊರಟಿದ್ದ ನಾನು ಅಲ್ಲೇ ನಿಂತುಬಿಟ್ಟೆ. ನಿಂತೆ ಎನ್ನುವುದು ಮಾತಿಗೆ. ನಿಂತದ್ದು ನನ್ನ ಗಾಲಿಕುರ್ಚಿ, ನಾನು ಕೂತೇ ಇದ್ದೆ. ಒದ್ದೆ ಕ್ಯಾನ್ವಾಸು, ಅದಕ್ಕೆ ಹತ್ತಿದ ಸೌದೆಯ ಹೊಗೆ, ಸೊಳ್ಳೆ ಕಚ್ಚದಿರಲೆಂದು ಮೈಗೆ ಹಚ್ಚುವ ಎಣ್ಣೆ, ಮೂರೂ ಸೇರಿದ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಕಣ್ಣಲ್ಲಿ ನೀರು ಬಂತು. ಪಾಪ, ಪಕ್ಕದ ಮನೆಯಾತ ಗಾಬರಿಯಾಗಿ, ವಾಸನೆಯಿಂದ ತೊಂದರೆಯಾಗುತ್ತಿದೆಯೇ, ಒಳಗೆ ತೆಗೆದಿಡಲೇ ಎಂದು ಕೇಳಿದ. ಬೇಡಪ್ಪಾ, ಇರಲಿ ಬಿಡು ಎಂದೆ. ಅವನಿಗೆ ಏನಂತ ವಿವರಿಸಲಿ?

ಅದು ತೊಂಬತ್ತೆಂಟರ ಜುಲೈ. ನನಗಾಗ ಹದಿನೇಳು. ಹುಬ್ಬಳ್ಳಿ ಬಿಟ್ಟು ಈ ಹಿಮದ ದೇಶಕ್ಕೆ ಬಂದು ಐದಾರು ವರ್ಷವಾಗಿತ್ತು. ಸ್ಟ್ರೀಟ್ಸ್‌ವಿಲ್‌ನಲ್ಲಿ, ಕ್ವೀನ್ ಸ್ಟ್ರೀಟಿನ ಅಂಗಡಿಗಳ ಹಿಂದಿನ ಓಣಿಯಲ್ಲಿ, ಒಂದು ಮನೆಯ ಬೇಸ್‌ಮೆಂಟಿನಲ್ಲಿ ಅಪ್ಪ, ಅವ್ವ, ನಾನು ಇದ್ದೆವು. ಗಾಲಿಕುರ್ಚಿಯ ಹುಡುಗಿಯನ್ನು ಕಟ್ಟಿಕೊಂಡು ಬೇಸ್‌ಮೆಂಟ್ ಹಿಡಿಯುವವರು ಯಾರಾದರೂ ಇದ್ದಾರೆಯೇ ಎಂದು ನೀವು ಕೇಳಬಹುದು. ಇದ್ದೆವು. ವಾನ್ ಎಂಬ ಊರಿನಲ್ಲಿ ಕಿಟಕಿ ತಯಾರಿಸುವ ಫ್ಯಾಕ್ಟರಿಯಲ್ಲಿ ಶಿಫ್ಟು ಮುಗಿಸಿ ಬಂದ ಅಪ್ಪ ನನ್ನನ್ನು ಎತ್ತಿಕೊಂಡು ಮೆಟ್ಟಿಲು ಹತ್ತಿ ಇಳಿಯುತ್ತಿದ್ದರು, ಹಿಂದೆ ಅವ್ವ ಕುರ್ಚಿ ಮಡಚಿ ಹೊತ್ತು ತರುತ್ತಿದ್ದಳು.

ಹುಟ್ಟುವಾಗ ನನಗೆ ಉಸಿರು ಸಿಗುವುದು ತಡವಾಯಿತಂತೆ. ಕಾಲುಗಳು ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ಬಲಗೈ ಮುಷ್ಟಿ ಕಟ್ಟಿಕೊಂಡು ಎದೆಗೆ ಅಂಟಿಕೊಂಡಿರುತ್ತದೆ. ಮಾತು ನಿಧಾನ. ಡಾಕ್ಟರುಗಳು ಇದಕ್ಕೆ ಸೆರೆಬ್ರಲ್ ಪಾಲ್ಸಿ ಎನ್ನುತ್ತಾರೆ. ತಲೆಗೇನೂ ಆಗಿಲ್ಲ, ನಾಲಿಗೆ ಒಂದು ಮಾತು ಮುಗಿಸುವಷ್ಟರಲ್ಲಿ ಅದು ಹತ್ತು ಮಾತು ಯೋಚಿಸಿರುತ್ತದೆ. ಎಡಗೈಗೂ ಏನೂ ಆಗಿಲ್ಲ, ಗಟ್ಟಿಮುಟ್ಟಾಗಿದೆ. ಆದರೆ ನಮ್ಮ ಮನೆಯಲ್ಲಿ ಆ ಎಡಗೈ ಇದ್ದೂ ಇಲ್ಲದ ಹಾಗಿತ್ತು.

ಯಾಕೆಂದರೆ ಎಡಗೈಯಲ್ಲಿ ಉಣ್ಣಬಾರದು. ಎಡಗೈಯಲ್ಲಿ ಏನೂ ಕೊಡಬಾರದು, ತೆಗೆದುಕೊಳ್ಳಬಾರದು. ಬರೆಯುವುದಕ್ಕೆ ಮಾತ್ರ ಅಡ್ಡಿಯಿರಲಿಲ್ಲ. ಸರಸ್ವತಿ ಏನೂ ಅನ್ನುವುದಿಲ್ಲವಂತೆ, ಅನ್ನಪೂರ್ಣೆಗಷ್ಟೇ ಸಿಟ್ಟು ಬರುತ್ತದಂತೆ. ಹಾಗಾಗಿ ಹದಿನೇಳು ವರ್ಷವೂ ಅವ್ವ ನನಗೆ ತನ್ನ ಬಲಗೈಯಿಂದ ತುತ್ತು ಮಾಡಿ ಉಣಿಸಿದಳು. ಮಧ್ಯಾಹ್ನ ಡಬ್ಬಿ ಹಿಡಿದು ಸ್ಕೂಲಿಗೇ ಬಂದು, ಫಿಸಿಯೊ ಕೋಣೆಯ ಮೂಲೆಯಲ್ಲಿ ಕೂತು ಉಣಿಸಿ ಹೋಗುತ್ತಿದ್ದಳು. ಹಿಮ ಬೀಳುತ್ತಿದ್ದರೂ ತಪ್ಪಿಸುತ್ತಿರಲಿಲ್ಲ. ನನಗೆ ಹಸಿವಾಗಿದೆಯೋ ಇಲ್ಲವೋ ಅವಳಿಗೇ ಗೊತ್ತಾಗುತ್ತಿತ್ತು. ನನ್ನನ್ನು ಕೇಳುವ ಪ್ರಶ್ನೆಗಳಿಗೆಲ್ಲ ಉತ್ತರವನ್ನೂ ಅವಳೇ ಕೊಡುತ್ತಿದ್ದಳು. ಕನ್ನಡದವರ ಯಾವ ಕಾರ್ಯಕ್ರಮಕ್ಕೆ ಹೋದರೂ ಮೈಸೂರಿನ ಪದ್ಮಾ ಆಂಟಿ ತಟ್ಟೆ ಹಿಡಿದು ಬಂದು, ನನ್ನ ತಲೆಯ ಮೇಲಿಂದ ಅವ್ವನನ್ನು ಕೇಳುವರು: "ಮಗು ಏನ್ರೀ ತಿನ್ನತ್ತೆ? ಪಾಯಸ ಕೊಡ್ಲಾ?" ಹದಿನೇಳರ ಮಗು! ನನಗೆ ಮೈಯೆಲ್ಲ ಉರಿಯುತ್ತಿತ್ತು. ಉರಿದದ್ದನ್ನು ಮಾತಾಗಿಸುವಷ್ಟರಲ್ಲಿ ಆಂಟಿ ಇನ್ನೊಂದು ಟೇಬಲ್ಲಿಗೆ ಹೋಗಿರುತ್ತಿದ್ದರು.

ಆ ವರ್ಷ ಸ್ಕೂಲಿನ ಫಿಸಿಯೊ ಅಪ್ಪನನ್ನು ಕರೆಸಿ, ಉತ್ತರದಲ್ಲಿ ಕೆರೆಯ ದಂಡೆಗೆ ನನ್ನಂಥ ಹುಡುಗ ಹುಡುಗಿಯರಿಗಾಗಿಯೇ ಒಂದು ಬೇಸಿಗೆ ಕ್ಯಾಂಪ್ ಇದೆ, ಎರಡು ವಾರ ಕಳಿಸಿ ಎಂದಳು. ಅಪ್ಪ ಹೂಂ ಅಂದು ಬಂದರು. ಅವ್ವನೂ ಒಪ್ಪಿದಳು. ಇಷ್ಟು ಸಲೀಸಾಗಿ ಒಪ್ಪಿದ್ದು ಹೇಗೆ ಎಂದು ನನಗೆ ಆಗಲೇ ಅನುಮಾನ ಬರಬೇಕಿತ್ತು.

ಹೊರಟ ದಿನ ಬೆಳಗಿನಿಂದಲೇ ಜಿಟಿಜಿಟಿ ಮಳೆ. ಬ್ಯಾರಿ ಎಂಬ ಊರು ದಾಟಿದ ಮೇಲೆ ರಸ್ತೆಯ ಎರಡೂ ಬದಿಗೆ ಸೀಳಿದ ಬಂಡೆಗಳು, ಅವುಗಳ ಮೇಲೆ ಪೈನ್ ಮರಗಳು. ಅಪ್ಪನ ಹಳೇ ವ್ಯಾನಿನ ವೈಪರು ಕಿರ್ರೋ ಎನ್ನುತ್ತಿತ್ತು. ಅಪ್ಪ ದಾರಿಯುದ್ದಕ್ಕೂ ಒಂದು ಮಾತೂ ಆಡಲಿಲ್ಲ. ಅವ್ವ ಮಾತ್ರ ಖುಷಿಯಲ್ಲಿದ್ದಳು. ಕ್ಯಾಂಪಿನ ಅಂಗಳದಲ್ಲಿ ವ್ಯಾನು ನಿಂತದ್ದೇ ಇಳಿದು ನನ್ನ ಬ್ಯಾಗು ಇಳಿಸಿದಳು. ಆಮೇಲೆ ಇನ್ನೊಂದು ಬ್ಯಾಗು, ಒಂದು ಚಾಪೆ, ಒಂದು ಕೌದಿ, ರೊಟ್ಟಿಯ ಗಂಟು, ಕೊನೆಗೆ ನಮ್ಮ ಪ್ರೆಶರ್ ಕುಕ್ಕರು.

"ನಾ ಮಲಗೂದು ಎಲ್ಲಿ ಅಂತ ಕೇಳ್ರಿ ಅವರನ್ನ," ಎಂದಳು.

ಅಪ್ಪ ಕೆರೆಯ ಕಡೆ ನೋಡುತ್ತ, "ನಾವು ಇರಂಗಿಲ್ಲ. ಇಕಿ ಒಬ್ಬಾಕಿನ ಇರತಾಳ," ಎಂದರು.

"ಒಬ್ಬಾಕಿನ? ಹುಬ್ಬಳ್ಳಿ ದವಾಖಾನ್ಯಾಗ ಸುದ್ದಾ ಪೇಶಂಟ್ ಜೋಡಿ ಒಬ್ಬರನ್ನ ಇರಾಕ ಬಿಡತಾರ!"

"ಇದು ದವಾಖಾನಿ ಅಲ್ಲ."

"ನಿಮಗ ಮೊದಲ ಗೊತ್ತಿತ್ತೇನು?"

"ಹೇಳಿದ್ರ ನೀ ವ್ಯಾನ್ ಹತ್ತತಿದ್ದೇನು?"

ಅವ್ವನ ಲೆಕ್ಕದಲ್ಲಿ ಅದು ದವಾಖಾನೆಯೇ. ಮಗಳನ್ನು ಅಡ್ಮಿಟ್ ಮಾಡುವುದು, ತಾನು ಮಂಚದ ಪಕ್ಕ ಚಾಪೆ ಹಾಸಿಕೊಳ್ಳುವುದು, ಕುಕ್ಕರಿನಲ್ಲಿ ಒಂದಿಷ್ಟು ಅನ್ನ ಸಾರು ಮಾಡಿ ಉಣಿಸುವುದು. ಅವಳು ಕಂಡ ಲೋಕದಲ್ಲಿ ಕೈಲಾಗದವರನ್ನು ಹೀಗೆ ಒಂಟಿಯಾಗಿ ಬಿಟ್ಟು ಹೋಗುವವರು ಯಾರೂ ಇರಲಿಲ್ಲ. ಅಷ್ಟರಲ್ಲಿ ಹಳದಿ ರೇನ್‌ಕೋಟಿನ ಹುಡುಗಿಯೊಬ್ಬಳು ಓಡಿ ಬಂದಳು. ಟ್ರೇಸಿ, ನಾವು ಹುಡುಗಿಯರು ಮಲಗುವ ಕ್ಯಾಬಿನ್ನಿನ ಜವಾಬ್ದಾರಿ ಅವಳದು, ವಯಸ್ಸು ಹೆಚ್ಚೆಂದರೆ ಇಪ್ಪತ್ತು. ಅವ್ವ ಅವಳನ್ನು ತಡೆದು ತನ್ನ ಇಂಗ್ಲಿಷಿನಲ್ಲಿ ಜಗಳಕ್ಕೇ ನಿಂತಳು. "ಹೂ ಫೀಡ್? ಯು ಫೀಡ್? ಶೀ ನೋ ಈಟ್ ಅಲೋನ್!" ಆಮೇಲೆ ಅಪ್ಪನಿಗೆ, "ಎತ್ತರಿ ಬ್ಯಾಗು, ಹೊಳ್ಳಿ ಹೋಗೂಣು. ಇಕಿಗೆ ಉಣಸವರು ಯಾರು ಇಲ್ಲೆ?"

ಟ್ರೇಸಿ ಕುಕ್ಕರನ್ನು ಒಮ್ಮೆ ನೋಡಿದಳು. ನಗಲಿಲ್ಲ. ಆ ಹುಡುಗಿಯನ್ನು ಮೆಚ್ಚಿಕೊಳ್ಳಲು ನನಗೆ ಅಷ್ಟೇ ಸಾಕಾಯಿತು. ಆಮೇಲೆ ಕೆಸರಿನಲ್ಲೇ ಮೊಣಕಾಲೂರಿ, ನನ್ನ ಮುಖಕ್ಕೆ ಮುಖ ಕೊಟ್ಟು ಕೇಳಿದಳು: ನಿನಗೆ ಇಲ್ಲಿರಲು ಇಷ್ಟವಿದೆಯಾ?

ನನ್ನ ಕತ್ತು ತಾನಾಗಿಯೇ ಎಡಕ್ಕೆ ಹೊರಳಿತು. ಅವ್ವ ಯಾವಾಗಲೂ ಆ ಕಡೆಗೇ ನಿಲ್ಲುತ್ತಿದ್ದಳು. "ಶೀ ಕಮ್ ಹೋಮ್," ಎಂದಳು ಅವ್ವ. ಟ್ರೇಸಿ ಅಲ್ಲಾಡಲಿಲ್ಲ, ನನ್ನ ಹೆಸರು ಹಿಡಿದೇ, ನಾನು ಗಿರಿಜಾಳನ್ನು ಕೇಳಿದ್ದು, ಅವಳು ಹೇಳುವವರೆಗೆ ಕಾಯುತ್ತೇನೆ ಎಂದಳು. ಕಾದಳು ಕೂಡ. ಅವಳ ಟೋಪಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಸುತ್ತ ಹತ್ತಾರು ಮಂದಿ ನಮ್ಮ ಕುಕ್ಕರು, ಚಾಪೆ ನೋಡುತ್ತಿದ್ದರು. ಧೈರ್ಯ ಗೀರ್ಯ ಏನೂ ಇರಲಿಲ್ಲ ನನ್ನಲ್ಲಿ. ನಾಚಿಕೆ ಇತ್ತು, ಅವ್ವನ ಮೇಲೆ ಸಿಟ್ಟಿತ್ತು, ಇಷ್ಟೆಲ್ಲ ಮಂದಿಯ ಮುಂದೆ ಮತ್ತೆ ವ್ಯಾನು ಹತ್ತಿದರೆ ಸತ್ತೇ ಹೋಗುತ್ತೇನೆ ಎನ್ನಿಸಿತ್ತು. ತುಟಿ ಒಂದಕ್ಕೊಂದು ಕೂಡಿಸಿ, ಉಸಿರು ಹಿಡಿದು, ಕೊನೆಗೂ ಅಂದೆ:

"ಇರ್ತೀನವಾ. ನೀ ಹೋಗು."

ಅವ್ವನ ಮುಖ ಸಪ್ಪಗಾಯಿತು. ಬ್ಯಾಗಿನಿಂದ ಶೇಂಗಾ ಚಟ್ನಿಯ ಬಾಟಲಿ ತೆಗೆದು ನನ್ನ ತೊಡೆಯ ಮೇಲಿಟ್ಟಳು, ಸೆರಗಿನಿಂದ ನನ್ನ ಮುಖದ ಮಳೆನೀರು ಒರೆಸಿದಳು, ಹೋಗಿ ವ್ಯಾನಿನಲ್ಲಿ ಕೂತಳು. ಅಪ್ಪ ಕುಕ್ಕರು ಚಾಪೆ ಎಲ್ಲ ಒಳಗೆ ಹಾಕಿ ವ್ಯಾನು ತಿರುಗಿಸಿದರು. ವ್ಯಾನು ಮರಗಳ ಹಿಂದೆ ಮರೆಯಾದ ಕ್ಷಣಕ್ಕೇ ನನಗೆ ತಪ್ಪು ಮಾಡಿದೆ ಅನ್ನಿಸಿತು. ಗಟ್ಟಿಯಾಗಿ ಅತ್ತೆ.

ಅಂದಿನ ಮೊದಲ ಊಟ ಮ್ಯಾಕರೋನಿ. ತಟ್ಟೆ ಬಂತು, ಚಮಚ ಬಂತು, ಎಲ್ಲರೂ ತಿನ್ನಲು ಶುರುಮಾಡಿದರು. ನಾನು ಕೂತೇ ಇದ್ದೆ. ಯಾರಾದರೂ ಬಂದಾರು ಎಂದು. ಎದುರಿಗೆ ಬ್ರ್ಯಾಂಪ್ಟನ್ನಿನ ಹರ್‌ಪ್ರೀತ್, ನನ್ನ ವಾರಗೆಯವಳು, ಬೆನ್ನುಹುರಿಯ ತೊಂದರೆಯಿಂದ ಹುಟ್ಟಿದಾಗಿನಿಂದ ನಡೆದವಳಲ್ಲ. ಬಾಯಿ ಮಾತ್ರ ನಾಲ್ಕು ಜನಕ್ಕಾಗುವಷ್ಟು. ನನ್ನ ಮುಖ ನೋಡಿ ಹಿಂದಿಯವಳೆಂದು ತಿಳಿದು, "ಕಿಸ್ ಕಾ ಇಂತಜಾರ್ ಹೈ? ಮಮ್ಮೀ ಕಾ?" ಎಂದು, ಯಾರಿಗೆ ಕಾಯುತ್ತಿದ್ದೀ, ಅಮ್ಮನಿಗಾ ಅಂತ ಛೇಡಿಸಿದಳು. ನನಗೆ ಗೊತ್ತಿದ್ದ ಹರಕು ಮುರುಕು ಹಿಂದಿಯಲ್ಲಿ, ಇದು ಎಡಗೈ, ಇದರಲ್ಲಿ ಹೇಗೆ ತಿನ್ನಲಿ ಎಂದೆ. ಅವಳು ಬಲಗೈಯ ಮುಷ್ಟಿ ನೋಡಿದಳು, ಎಡಗೈ ನೋಡಿದಳು. "ತೋ ದೂಸರಾ ಹಾಥ್ ಕಹಾಂ ಸೇ ಲಾಯೇಗೀ?" ಎಂದಳು. ಬೇರೆ ಕೈ ಎಲ್ಲಿಂದ ತರುತ್ತೀಯೇ ಮಾರಾಯ್ತಿ, ಅಂತ.

ತಣ್ಣಗಾದ ಮ್ಯಾಕರೋನಿಯನ್ನು ಎಡಗೈಯಲ್ಲಿ ತಿಂದೆ. ಅರ್ಧ ಮಡಿಲಿಗೆ ಬಿತ್ತು. ಬಾಗಿಲ ಕಡೆಗೇ ಕಣ್ಣು. ಅವ್ವ ಎಲ್ಲಿ ನೋಡಿಬಿಡುತ್ತಾಳೋ ಎಂದು ಕಳ್ಳಿಯ ಹಾಗೆ ತಿಂದೆ. ಮಾರನೇ ದಿನ ಮಡಿಲಿಗೆ ಬೀಳುವುದು ಕಡಿಮೆಯಾಯಿತು. ಇನ್ನೂ ಎರಡು ದಿನಕ್ಕೆ ಹೊಟ್ಟೆ ತುಂಬ ತಿಂದು, ಇನ್ನಷ್ಟು ಬೇಕು ಎಂದು ತಟ್ಟೆ ಮುಂದೆ ಚಾಚಿದೆ. ಇನ್ನಷ್ಟು ಬೇಕು ಎಂದು ನಾನು ಅದುವರೆಗೆ ಯಾರನ್ನೂ ಕೇಳಿರಲಿಲ್ಲ, ಕೇಳುವ ಮೊದಲೇ ಬಾಯಿಗೆ ಬರುತ್ತಿತ್ತು.

ಆ ಎರಡು ವಾರ ಬಿಸಿಲು ಕಂಡದ್ದು ಬಹಳ ಕಡಿಮೆ. ಬೆಳಗಾದರೆ ಕೆರೆಯ ಮೇಲೆ ಮಂಜು, ಮಧ್ಯಾಹ್ನ ಮಳೆ, ಸಂಜೆ ಸೊಳ್ಳೆ. ಮಳೆಯೆಂದು ಯಾವುದನ್ನೂ ನಿಲ್ಲಿಸುತ್ತಿರಲಿಲ್ಲ. ಹುಟ್ಟು ನನ್ನ ಎಡಗೈಗೆ ಕೊಟ್ಟು, ಬಲತೋಳಿಗೆ ಅದರ ತುದಿಯನ್ನು ಪಟ್ಟಿಯಿಂದ ಕಟ್ಟಿ, ದೋಣಿಯಲ್ಲಿ ಕೂರಿಸಿದರು. ಹಿಂದೆ ಹರ್‌ಪ್ರೀತ್. ಇಬ್ಬರೂ ಒಂದೇ ಕಡೆಗೆ ಹುಟ್ಟು ಹಾಕಿ ಕೂತಲ್ಲೇ ಗಿರಗಿರ ತಿರುಗಿದೆವು, ಆಮೇಲೆ ಮಗುಚಿಕೊಂಡೆವು. ಆ ತಣ್ಣೀರು ಮೂಗಿಗೆ ಹೋದಾಗ ನಾನು ಸತ್ತೆನೆಂದೇ ತಿಳಿದಿದ್ದೆ. ಲೈಫ್‌ಜಾಕೆಟ್ಟು ಮೇಲೆತ್ತಿತು. ಹರ್‌ಪ್ರೀತ್ ಪಂಜಾಬಿಯಲ್ಲಿ ಬೈಯುತ್ತಿದ್ದಳು, ನನಗೆ ನಗು ತಡೆಯಲಾಗಲಿಲ್ಲ.

ಇನ್ನೊಂದು ದಿನ ಟ್ರೇಸಿ ನನ್ನನ್ನು ಬೈದಳು. ಒಂದು ರಾತ್ರಿ ಹೊರಗೆ ತಂಗಲೆಂದಿದ್ದ ಟೆಂಟಿನ ಬಟ್ಟೆಯನ್ನು ಒಣಗಿಸಿ ಮಡಚುವ ಪಾಳಿ ನನ್ನದು, ನಾನು ಮಾತಾಡುತ್ತ ಕೂತು ಮರೆತಿದ್ದೆ, ಮಳೆ ಬಂದು ಅದು ಮತ್ತೆ ತೊಯ್ದು ತೊಪ್ಪೆಯಾಯಿತು. ಈಗ ಎಲ್ಲರೂ ಒದ್ದೆ ಟೆಂಟಿನಲ್ಲಿ ಮಲಗಬೇಕು, ಇದು ನಿನ್ನ ಕೆಲಸವಾಗಿತ್ತು, ಎಂದು ಎಲ್ಲರೆದುರಿಗೇ ಅಂದಳು. ನನಗಾದ ಸಂತೋಷ ಏನು ಹೇಳಲಿ! ಹುಟ್ಟಿದಾಗಿನಿಂದ ನನ್ನ ಹೆಸರಿನ ಮುಂದೆ 'ಪಾಪ' ಅಂಟಿಕೊಂಡಿತ್ತು. ಪಾಪ ಗಿರಿಜಾ, ಪಾಪ ಆಕೆಗೇನು ತಿಳಿಯುತ್ತದೆ. ಪಾಪದವಳನ್ನು ಯಾರೂ ಬೈಯುವುದಿಲ್ಲ. ಅವಳಿಂದ ಕೆಲಸವಾಗುತ್ತದೆ ಎಂದು ನಂಬಿದವರಷ್ಟೇ ಕೆಲಸ ಮಾಡಲಿಲ್ಲವೆಂದು ಬೈದಾರು. ಆ ಒದ್ದೆ ಟೆಂಟನ್ನು ಹರ್‌ಪ್ರೀತಳ ಜೊತೆ ಸೇರಿ, ಒಂದು ಮೂಲೆಯನ್ನು ಹಲ್ಲಿನಲ್ಲಿ ಕಚ್ಚಿಹಿಡಿದು ಹಿಂಡಿದೆ. ಬಾಯಿಯೆಲ್ಲ ಆ ಕ್ಯಾನ್ವಾಸಿನ ರುಚಿ.

ಅದೇ ಟೆಂಟು ಹೊತ್ತು ಕೆರೆಯಾಚೆಯ ದಂಡೆಗೆ ಹೋಗಿ ಒಂದು ರಾತ್ರಿ ತಂಗಿದೆವು. ಬೆಳಿಗ್ಗೆ ಎದ್ದರೆ ಚಳಿಗೆ ಹಲ್ಲು ಕಟಕಟ. ಚಹಾ ಮಾಡುವವರು ಯಾರು ಎಂದು ಟ್ರೇಸಿ ಕೇಳಿದಾಗ ನಾನು ಎಂದುಬಿಟ್ಟೆ. ಜೀವನದಲ್ಲಿ ಒಮ್ಮೆಯೂ ಚಹಾ ಮಾಡಿದವಳಲ್ಲ. ಆದರೆ ಅವ್ವ ಮಾಡುವುದನ್ನು ದಿನಾ ಕೂತು ನೋಡಿದ್ದೆನಲ್ಲ. ಇಲ್ಲಿಯವರ ಹಾಗೆ ಬಿಸಿನೀರಿನಲ್ಲಿ ಚಹಾಪುಡಿಯ ಚೀಲ ಅದ್ದುವುದಲ್ಲ. ಬೆಂಕಿಯ ಮೇಲೆ ಪಾತ್ರೆಯಿಡಿಸಿ, ನೀರು ಕುದಿಯುವಾಗ ಚೀಲಗಳನ್ನು ಹಲ್ಲಿನಿಂದ ಹರಿದು ಪುಡಿ ಸುರಿದು, ಹಾಲಿನ ಪುಡಿ, ಕೈಬಿಚ್ಚಿ ಸಕ್ಕರೆ. ಸೌದೆ ಒದ್ದೆ, ಹೊಗೆ ಕಣ್ಣಿಗೆ. ಹರ್‌ಪ್ರೀತಳಿಗೆ ಊದು, ಇನ್ನೂ ಊದು, ಪಾತ್ರೆ ಇಳಿಸು ಎಂದು ಹುಕುಂ ಮಾಡಿದೆ. ಉಕ್ಕಿ ಬೆಂಕಿಗೆ ಚೆಲ್ಲಿದ್ದು ಚೆಲ್ಲಿತು, ಉಳಿದದ್ದು ಆರು ಲೋಟಕ್ಕಾಯಿತು. ಒಂದೊಂದೇ ಲೋಟ ಎತ್ತಿ ಎಲ್ಲರಿಗೂ ಕೊಟ್ಟೆ. ಎಡಗೈಯಲ್ಲೇ. ಯಾರೂ ಆ ಕೈಯ ಕಡೆ ನೋಡಲಿಲ್ಲ, ಚಹಾದ ಕಡೆ ನೋಡಿದರು. "ಯೇ ಹುಯೀ ನಾ ಚಾಯ್!" ಎಂದು ಹರ್‌ಪ್ರೀತ್ ಸೊರ್ರೆಂದು ಹೀರಿದಳು. ಚಹಾ ಅಂದರೆ ಇದು, ಅಂತ. ಟ್ರೇಸಿಗೆ ಸಕ್ಕರೆ ಜಾಸ್ತಿಯಾಗಿತ್ತು, ಆದರೂ ಮುಗಿಸಿದಳು. ನಾನು ಇನ್ನೊಬ್ಬರಿಗೆ ಕುಡಿಯಲು ಕೊಟ್ಟದ್ದು ಅದೇ ಮೊದಲು.

ಈ ನಡುವೆ ಅವ್ವ ದಿನಾ ಕ್ಯಾಂಪಿನ ಆಫೀಸಿಗೆ ಫೋನ್ ಮಾಡುತ್ತಿದ್ದಳು. ಒಂದೇ ಪ್ರಶ್ನೆ: "ಶೀ ಈಟ್?" ಹೌದು, ಎರಡೆರಡು ಸಲ ಹಾಕಿಸಿಕೊಂಡು ತಿನ್ನುತ್ತಾಳೆ ಎಂದು ಅವರು ಹೇಳುತ್ತಿದ್ದರು. ಆ ಬಿಳಿ ಹುಡುಗಿ ಕೂತು ಉಣಿಸುತ್ತಿದ್ದಾಳೆ ಎಂದೇ ಅವ್ವ ತಿಳಿದಿದ್ದಳು. ಕರೆದೊಯ್ಯಲು ಬಂದ ದಿನ ಟ್ರೇಸಿಯ ಎರಡೂ ಕೈ ಹಿಡಿದುಕೊಂಡು, "ಯು ಗುಡ್ ಮದರ್," ಎಂದಳು. ಟ್ರೇಸಿ ನನ್ನ ಮುಖ ನೋಡಿದಳು. ನಾನು ಇದನ್ನು ಮನೆಗೆ ಹೋಗಿಯೇ ಹೇಳಬೇಕು ಎಂದುಕೊಂಡೆ.

ಮನೆಯಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ, ಕೆನೆಮೊಸರು. ಅವ್ವ ಕೈ ತೊಳೆದುಕೊಂಡು ಬಂದು ನನ್ನ ಪಕ್ಕ ಕೂತು ರೊಟ್ಟಿ ಮುರಿದು ತುತ್ತು ಮಾಡಿದಳು. ಎರಡು ವಾರದ ಹಂಬಲವೆಲ್ಲ ಆ ತುತ್ತಿನಲ್ಲಿತ್ತು, ನನಗೆ ಕಾಣುತ್ತಿತ್ತು. ಬಾಯಿ ತೆರೆದುಬಿಟ್ಟರೆ ಎಲ್ಲ ಮೊದಲಿನಂತೆ ಆಗುತ್ತದೆ ಎಂದೂ ಗೊತ್ತಿತ್ತು.

"ಅವ್ವಾ, ನಾನ ಉಣ್ತೀನಿ," ಎಂದು ತಾಟು ನನ್ನ ಕಡೆ ಎಳೆದುಕೊಂಡೆ. ಎಡಗೈಯಲ್ಲಿ ರೊಟ್ಟಿ ಮುರಿದೆ.

ಅವ್ವನ ಕೈ ತುತ್ತಿನೊಂದಿಗೆ ಅಲ್ಲೇ ನಿಂತಿತು. "ಅಲ್ಲೆ ಹಿಂಗ ಉಂಡೇನು?"

"ಹೂಂ."

"ದಿನಾ?"

"ಹೂಂ."

"ಹಂಗಾರ ನಾ ಇಷ್ಟು ವರ್ಷ ಉಣಿಸಿದ್ದೆಲ್ಲಾ ದಂಡ," ಎಂದಳು. ಅಪ್ಪ, "ಉಣ್ಲಿ ಬಿಡ," ಎಂದದ್ದಕ್ಕೆ, "ನೀವು ಬಾಯಿ ಮುಚ್ಚರಿ, ಎಲ್ಲಾ ನಿಮ್ಮಿಂದನ ಆತು," ಎಂದು ಎದ್ದು ಹೋದಳು. ಬಚ್ಚಲಲ್ಲಿ ನಲ್ಲಿ ಬಹಳ ಹೊತ್ತು ಸುರಿಯಿತು. ಆದರೂ ತಾಟು ಖಾಲಿ ಮಾಡಿದೆ. ಬಿಟ್ಟಿದ್ದರೆ, ನೋಡು, ನಿನ್ನಿಂದ ಆಗಂಗಿಲ್ಲ ಎನ್ನುತ್ತಿದ್ದಳು.

ಆಮೇಲಿನ ವಾರಗಳೆಲ್ಲ ಹಾಗೇ ಹೋದವು. ತಲೆ ಬಾಚುತ್ತಿದ್ದಳು, ಸ್ನಾನ ಮಾಡಿಸುತ್ತಿದ್ದಳು, ಬಟ್ಟೆ ಹಾಕುತ್ತಿದ್ದಳು. ಮಾತು ಮಾತ್ರ ಬೇಕಾದಷ್ಟೇ. ಊಟಕ್ಕೆ ಬಡಿಸಿಟ್ಟು ಬೇರೆ ಕೋಣೆಗೆ ಹೋಗಿಬಿಡುತ್ತಿದ್ದಳು. ನಾನು ಎಡಗೈಯಲ್ಲಿ ಉಣ್ಣುವುದನ್ನು ಅವಳು ನೋಡಲಾರದೆ ಹೋಗುತ್ತಾಳೆ ಎಂದು ನಾನೂ ಮುಖ ಗಂಟಿಕ್ಕಿಕೊಂಡಿದ್ದೆ. ಇಬ್ಬರದೂ ಒಂದೇ ಹಟ. ಆದರೆ ಒಂದು ದಿನ ನನ್ನ ಎಂದಿನ ತಾಟು ಬರಲಿಲ್ಲ, ಅಂಚು ಎತ್ತರವಿದ್ದ ಪರಾತ ಬಂತು. ಅವ್ವ ಹಿಟ್ಟು ನಾದುತ್ತಿದ್ದದ್ದು. ಅನ್ನವನ್ನು ಅಂಚಿಗೆ ಒತ್ತಿ ಎತ್ತಿಕೊಳ್ಳಲು ಅದರಲ್ಲಿ ಸುಲಭ, ಹೊರಗೆ ಚೆಲ್ಲುವುದಿಲ್ಲ. ಯಾರು ಹೇಳಿಕೊಟ್ಟರೋ, ಯಾವಾಗ ನೋಡಿದ್ದಳೋ.

ಗಣಪತಿ ಹಬ್ಬಕ್ಕೆ ಕನ್ನಡದವರೆಲ್ಲ ಮಿಸ್ಸಿಸಾಗಾದ ಒಂದು ಸ್ಕೂಲಿನ ಹಾಲ್ ಹಿಡಿದಿದ್ದರು. ಹೋಗುವ ಮೊದಲು ಅವ್ವ ಏನಾದರೂ ಅನ್ನುತ್ತಾಳೆಂದು ಕಾದೆ. ಅಲ್ಲಿ ಮಾತ್ರ ಬ್ಯಾಡವಾ, ನಾಲ್ಕು ಮಂದಿ ಮುಂದ, ಎಂದಾಳೆಂದು. ಅನ್ನಲಿಲ್ಲ. ಅದರಿಂದಲೇ ನನಗೆ ಹೆಚ್ಚು ಭಯವಾಯಿತು. ಉದ್ದನೆಯ ಟೇಬಲ್ಲಿನ ಸಾಲಿನಲ್ಲಿ ಅವ್ವ ನನ್ನ ಎಡಕ್ಕೆ ಕೂತಳು. ಎಲೆಯ ಬದಲು ಕಾಗದದ ತಟ್ಟೆ. ಕೋಸಂಬರಿ ಬಂತು, ಪಲ್ಯ ಬಂತು, ಅನ್ನ ಬಂತು. ಸುತ್ತ ನೂರಾರು ಬಲಗೈಗಳು. ಅವ್ವ ತನ್ನ ತಟ್ಟೆಗೆ ಕೈ ಹಾಕಲಿಲ್ಲ, ನನ್ನ ತಟ್ಟೆಗೂ ಹಾಕಲಿಲ್ಲ. ಈಗ ಬಾಯಿ ತೆರೆದು ಅವ್ವನ ಕಡೆ ತಿರುಗಿದರೆ ಅವಳು ಉಣಿಸುತ್ತಾಳೆ, ಎಲ್ಲರಿಗೂ ಸಮಾಧಾನ. ಎಡಗೈ ಎತ್ತಿ ಅನ್ನಕ್ಕೆ ಹಾಕಿದೆ, ತುತ್ತು ಕಟ್ಟಿ ಬಾಯಿಗಿಟ್ಟುಕೊಂಡೆ.

ಸಾರಿನ ಬಕೀಟು ಹಿಡಿದು ಬರುತ್ತಿದ್ದವರು ಪದ್ಮಾ ಆಂಟಿಯೇ. ನಿಂತುಬಿಟ್ಟರು. ನನ್ನ ತಲೆಯ ಮೇಲಿಂದ ಅವ್ವನಿಗೆ, ಸಾಲಿಗೆಲ್ಲ ಕೇಳುವ ಹಾಗೆ, "ಅಯ್ಯಯ್ಯೋ, ಇದೇನ್ರೀ, ಮಗು ಎಡಗೈಲಿ ಊಟ ಮಾಡ್ತಿದೆ! ಹಬ್ಬದ ದಿನ! ನೀವು ತಿನ್ನಿಸಬಾರ್ದಾ?" ಎಂದರು.

ಎದುರಿನವರು ನನ್ನ ಕೈ ನೋಡಿದರು, ಆಮೇಲೆ ಅವ್ವನ ಮುಖ ನೋಡಿದರು. ನಾನೂ ಅದನ್ನೇ ನೋಡಿದೆ. ಅವ್ವನ ಮುಖ ಕೆಂಪಗಾಗಿತ್ತು. ಅವಳು ಸೆರಗು ಸರಿಮಾಡಿಕೊಂಡಳು, ತನ್ನ ಬಲಗೈಯನ್ನು ಟೇಬಲ್ಲಿನಿಂದ ತೆಗೆದು ಮಡಿಲಲ್ಲಿಟ್ಟುಕೊಂಡಳು.

"ಅಕಿ ಉಣ್ಣೂ ಕೈ ಅದ ಐತ್ರಿ," ಎಂದಳು. "ಸಾರು ಎಷ್ಟು ಬೇಕಂತ ಅಕಿನ್ನ ಕೇಳ್ರಿ. ಹೇಳ್ತಾಳ. ಒಂಚೂರು ನಿಂದರ್ರಿ."